ಸತ್ಯವೂ ಚಾಡಿಯಾದೀತು: ಯೆಹೂದಿ ಧರ್ಮನೀತಿಯಲ್ಲಿ ಮಾತು ಮತ್ತು ಮಾನ

'ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ' ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಗಾದೆ. ನಿಜ ನುಡಿದವನಿಗೆ ಒದೆ ಬಿತ್ತಲ್ಲಾ ಎಂಬ ಕನಿಕರ ಈ ಗಾದೆಯೊಳಗಿದೆ. ಆಡಿದ್ದು ನಿಜವೇ ಆಗಿದ್ದ ಮೇಲೆ ಆಡಿದವನ ತಪ್ಪೇನು ಎಂಬುದು ಅದರ ಧ್ವನಿ. ಊರ ಕಟ್ಟೆಯ ಮೇಲಾಗಲಿ, ಮದುವೆ ಮನೆಯ ಪಂಕ್ತಿಯಲ್ಲಾಗಲಿ, ಮೊಬೈಲ್ ಪರದೆಯ ಮೇಲಾಗಲಿ ಮತ್ತೊಬ್ಬರ ಗುಟ್ಟನ್ನು ಹೊರಗೆಡಹಿದವರು ಕೊನೆಗೆ ಆಶ್ರಯಿಸುವುದೂ ಇದೇ ಸಮರ್ಥನೆಯನ್ನು: 'ನಾನೇನು ಸುಳ್ಳು ಹೇಳಿದೆನೇ?'

ಯೆಹೂದಿ ಧರ್ಮನೀತಿ ಈ ಸಮರ್ಥನೆಯನ್ನು ಒಪ್ಪುವುದಿಲ್ಲ. ಆ ಪರಂಪರೆಯಲ್ಲಿ ಪರನಿಂದೆಗೆ ಇರುವ ಹೆಸರು 'ಲಶೋನ್ ಹರಾ'. ಹೀಬ್ರೂ ಭಾಷೆಯ ಈ ಪದಕ್ಕೆ ಕೆಟ್ಟ ನಾಲಗೆ ಎಂದರ್ಥ. ಸುಳ್ಳು ಅಪವಾದಕ್ಕೆ ಅಲ್ಲಿ ಬೇರೆಯೇ ಹೆಸರಿದೆ. ಲಶೋನ್ ಹರಾ ಎಂದರೆ ಮುಖ್ಯವಾಗಿ ಮತ್ತೊಬ್ಬನಿಗೆ ಕೇಡು ತರುವ ನಿಜವಾದ ಮಾತು. ನಿಜವನ್ನೇ ಆಡಿಯೂ ಪಾಪಕ್ಕೆ ಗುರಿಯಾಗಬಹುದು ಎಂಬ ಈ ನಿಲುವು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಹಾಗಾದರೆ ಅನ್ಯಾಯವನ್ನು ಕಂಡವನು ಬಾಯಿ ಮುಚ್ಚಿಕೊಂಡಿರಬೇಕೇ ಎಂಬ ಪ್ರಶ್ನೆಯೂ ಏಳುತ್ತದೆ. ಸುಮಾರು ಎರಡು ಸಾವಿರ ವರ್ಷಗಳಿಂದ ಯೆಹೂದಿ ಪಂಡಿತರು ಈ ಪ್ರಶ್ನೆಯೊಡನೆ ಸೆಣಸುತ್ತ ಬಂದಿದ್ದಾರೆ. ಅವರು ಕಂಡುಕೊಂಡ ಉತ್ತರಗಳು ಯಾವ ಮತದವರಿಗೂ ಚಿಂತನೆಗೆ ಗ್ರಾಸವಾಗುವಂಥವು.

ಒಂದೇ ಅಚ್ಚಿನ ನಾಣ್ಯಗಳು

ಮಾತಿನ ಕುರಿತ ಈ ಕಟ್ಟುನಿಟ್ಟಿಗೆ ತಳಹದಿ ಮನುಷ್ಯನ ಘನತೆಯ ಕಲ್ಪನೆ. ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆಂದು ಯೆಹೂದ್ಯರ ಧರ್ಮಗ್ರಂಥವಾದ ತೋರಾದ ಮೊದಲ ಭಾಗವೇ ಹೇಳುತ್ತದೆ. ಕ್ರಿ.ಶ. 200ರ ಸುಮಾರಿಗೆ ರಬ್ಬಿ ಯೆಹೂದಾ ಹನಾಸಿ ಅವರ ನೇತೃತ್ವದಲ್ಲಿ ಸಂಕಲನಗೊಂಡ 'ಮಿಶ್ನಾ' ಎಂಬ ಧರ್ಮಶಾಸ್ತ್ರ ಸಂಗ್ರಹ ಈ ಮಾತನ್ನು ಇನ್ನೊಂದು ಬಗೆಯಲ್ಲಿ ವಿವರಿಸುತ್ತದೆ. ಆದಿಯಲ್ಲಿ ದೇವರು ಒಬ್ಬನೇ ಮನುಷ್ಯನನ್ನು ಸೃಷ್ಟಿಸಿದ್ದೇಕೆ? ನನ್ನ ಪಿತಾಮಹ ನಿನ್ನ ಪಿತಾಮಹನಿಗಿಂತ ದೊಡ್ಡವನೆಂದು ಮುಂದೆ ಯಾರೂ ಜಂಭ ಕೊಚ್ಚಿಕೊಳ್ಳದಿರಲೆಂದು. ಅರಸನು ಒಂದು ಅಚ್ಚಿನಿಂದ ಟಂಕಿಸಿದ ನಾಣ್ಯಗಳೆಲ್ಲ ಒಂದೇ ಬಗೆಯಾಗಿರುತ್ತವೆ. ದೇವರಾದರೋ ಆದಿಮಾನವನ ಒಂದೇ ಅಚ್ಚಿನಿಂದ ಎಲ್ಲರನ್ನೂ ಟಂಕಿಸಿದರೂ ಒಬ್ಬನಂತೆ ಇನ್ನೊಬ್ಬನಿಲ್ಲ. ಆದುದರಿಂದ ಒಬ್ಬೊಬ್ಬ ಮನುಷ್ಯನೂ ಒಂದೊಂದು ಲೋಕಕ್ಕೆ ಸಮಾನ ಎಂಬುದು ಅದರ ತಾತ್ಪರ್ಯ.

ಈ ಘನತೆಗೆ ಹೀಬ್ರೂವಿನಲ್ಲಿ 'ಕೆವೋದ್ ಹಬ್ರಿಯೋತ್' ಎನ್ನುತ್ತಾರೆ. ಸೃಷ್ಟಿಯಾದವರ ಗೌರವ ಎಂಬುದು ಅದರ ಅಕ್ಷರಾರ್ಥ. ಯೋಗ್ಯತೆ ನೋಡಿ ಸಲ್ಲಿಸುವ ಮರ್ಯಾದೆ ಇದಲ್ಲ, ಹುಟ್ಟಿದ ಕಾರಣಕ್ಕೇ ಸಲ್ಲಬೇಕಾದದ್ದು. ತೋರಾದ ಕಾನೂನುಗಳಲ್ಲೇ ಇದರ ಗುರುತುಗಳಿವೆ. ಸಾಲ ಕೊಟ್ಟವನು ಒತ್ತೆಯ ವಸ್ತುವಿಗಾಗಿ ಸಾಲಗಾರನ ಮನೆಯೊಳಕ್ಕೆ ನುಗ್ಗುವಂತಿಲ್ಲ. ಅವನು ಹೊರಗೇ ನಿಲ್ಲಬೇಕು, ಸಾಲಗಾರನೇ ಒತ್ತೆಯನ್ನು ಹೊರತರಬೇಕು. ಅಪರಾಧಿಗೆ ಹೊಡೆಯುವ ಏಟುಗಳಿಗೂ ಮಿತಿಯಿದೆ. ಮಿತಿ ಮೀರಿದರೆ ಅವನು ಜನರ ಕಣ್ಣಲ್ಲಿ ಹೀನನಾಗುತ್ತಾನೆ ಎಂಬ ಕಾರಣವನ್ನು ಗ್ರಂಥವೇ ಕೊಡುತ್ತದೆ. ಮರಣದಂಡನೆಗೆ ಗುರಿಯಾದವನ ಶವವನ್ನೂ ರಾತ್ರಿಯಿಡೀ ತೂಗುಬಿಡುವಂತಿಲ್ಲ. ಸಾಲಗಾರ, ಅಪರಾಧಿ, ಶವ ಈ ಮೂವರಿಗೂ ಮಾನವುಂಟು ಎಂದ ಮೇಲೆ ಉಳಿದವರ ಮಾತೇನು? ಮಾನವ ಘನತೆಯ ಸಲುವಾಗಿ ಧರ್ಮದ ನಿಷೇಧವನ್ನೇ ಬದಿಗಿರಿಸಬಹುದೆಂಬ ತತ್ತ್ವವೂ ತಾಲ್ಮುದ್‌ನಲ್ಲಿದೆ. ಇದು ಬಹುಪಾಲು ಪಂಡಿತರು ವಿಧಿಸಿದ ನಿಯಮಗಳಿಗಷ್ಟೇ ಅನ್ವಯವೆಂದು ಆ ಗ್ರಂಥವೇ ಸೀಮಿತಗೊಳಿಸಿದ್ದರೂ ತತ್ತ್ವದ ತೂಕ ಕಡಿಮೆಯಾಗಿಲ್ಲ.

ಕೆಟ್ಟ ನಾಲಗೆಯ ಬಗೆಗಳು

ನೋವುಂಟುಮಾಡುವ ಮಾತುಗಳನ್ನು ಪಂಡಿತರು ಬಗೆಬಗೆಯಾಗಿ ವಿಂಗಡಿಸಿದ್ದಾರೆ. 12ನೇ ಶತಮಾನದ ಮಹಾಪಂಡಿತ ಹಾಗೂ ವೈದ್ಯ ಮೈಮೊನಿಡಿಸ್ ಅವರು (1138–1204) ತಮ್ಮ 'ಮಿಶ್ನೆ ತೋರಾ' ಎಂಬ ಧರ್ಮಸಂಹಿತೆಯಲ್ಲಿ ಇವನ್ನು ಸ್ಪಷ್ಟವಾಗಿ ಬೇರ್ಪಡಿಸಿದರು. ಒಬ್ಬನು ಆಡಿದ್ದನ್ನೋ ಮಾಡಿದ್ದನ್ನೋ ಇನ್ನೊಬ್ಬನಿಗೆ ಸಾಗಿಸುವುದು 'ರೆಖಿಲೂತ್', ನಮ್ಮ ಚಾಡಿ. ನಿಜವೇ ಆದರೂ ಮತ್ತೊಬ್ಬನ ಹುಳುಕನ್ನು ಸಾರುವುದು ಲಶೋನ್ ಹರಾ. ಸುಳ್ಳು ಕಟ್ಟಿ ಹೆಸರು ಕೆಡಿಸುವುದು 'ಮೋತ್ಸೀ ಶೇಮ್ ರಾ'. ಎದುರಿನವನನ್ನು ಮಾತಿನಿಂದಲೇ ನೋಯಿಸುವುದು 'ಓನಾಅತ್ ದೆವಾರೀಮ್', ಅಂದರೆ ನುಡಿಯಿಂದ ಎಸಗುವ ಅನ್ಯಾಯ.

ಇವಲ್ಲದೆ ಲಶೋನ್ ಹರಾದ 'ಧೂಳು' ಎಂಬ ಇನ್ನೊಂದು ಬಗೆಯೂ ಉಂಟು. ಇಲ್ಲಿ ನಿಂದೆಯ ಮಾತು ಬಾಯಿಂದ ಹೊರಡುವುದೇ ಇಲ್ಲ, ಸೂಚನೆ ಮಾತ್ರ ಹೊರಡುತ್ತದೆ. 'ಅವನ ವಿಷಯ ಬಿಡಿ, ನಾನು ಬಾಯಿ ಬಿಡುವುದಿಲ್ಲ' ಎಂದು ತಲೆಯಾಡಿಸಿದರೆ ಕೇಳುಗನ ಮನಸ್ಸಿನಲ್ಲಿ ಹತ್ತು ಸಂಶಯಗಳು ಹುಟ್ಟುತ್ತವೆ. ಒಬ್ಬನನ್ನು ಅವನ ವೈರಿಗಳ ಮುಂದೆ ಹೊಗಳುವುದೂ ಈ ಧೂಳಿಗೆ ಸೇರುತ್ತದೆ. ಹೊಗಳಿಕೆಯೇ ಅವರನ್ನು ಕೆಣಕಿ ತೆಗಳಿಕೆಗೆ ದಾರಿಮಾಡುತ್ತದೆ ಎಂಬುದು ಕಾರಣ. ತಮಾಷೆಗೆಂದು ಆಡಿದ ಮಾತಿಗೂ, ಏನೂ ಅರಿಯದವನಂತೆ ಆಡಿದ ಮಾತಿಗೂ ಮೈಮೊನಿಡಿಸ್ ವಿನಾಯಿತಿ ಕೊಟ್ಟಿಲ್ಲ.

ಲಶೋನ್ ಹರಾ ಮೂವರನ್ನು ಕೊಲ್ಲುತ್ತದೆ ಎಂದು ತಾಲ್ಮುದ್ ಹೇಳುತ್ತದೆ: ಆಡಿದವನನ್ನು, ಕೇಳಿದವನನ್ನು, ಯಾರ ಕುರಿತು ಆಡಲಾಯಿತೋ ಅವನನ್ನು. ಕೇಳುಗನನ್ನೂ ಪಾಲುಗಾರನನ್ನಾಗಿ ಮಾಡಿರುವುದು ಗಮನಾರ್ಹ. ಕೇಳುವ ಕಿವಿಯಿಲ್ಲದಿದ್ದರೆ ಆಡುವ ಬಾಯಿಗೆ ಕೆಲಸವಿಲ್ಲ. ಮೋಶೆಯ ಅಕ್ಕ ಮಿರಿಯಾಮಳ ಪ್ರಸಂಗವನ್ನು ಪಂಡಿತರು ಇದಕ್ಕೆ ನಿದರ್ಶನವಾಗಿ ಕೊಡುತ್ತಾರೆ. ತಮ್ಮನ ವೈವಾಹಿಕ ಬದುಕಿನ ಬಗ್ಗೆ ಆಡಿಕೊಂಡ ಆಕೆಗೆ ಚರ್ಮರೋಗ ತಗುಲಿ, ಏಳು ದಿನ ಪಾಳೆಯದ ಹೊರಗೆ ಇರಬೇಕಾಯಿತು. ಮಾತಿನಿಂದ ಜನರನ್ನು ಅಗಲಿಸಿದವನು ತಾನೂ ಅಗಲಿ ಕೂರಲಿ ಎಂಬ ನ್ಯಾಯವನ್ನು ತಾಲ್ಮುದ್ ಈ ಶಿಕ್ಷೆಯಲ್ಲಿ ಕಾಣುತ್ತದೆ. ಆದರೆ ಕಥೆಯ ಕೊನೆಯನ್ನು ಮರೆಯಬಾರದು. ಆಕೆ ಮರಳಿ ಬರುವವರೆಗೂ ಇಡೀ ಜನಸಮೂಹ ಪ್ರಯಾಣವನ್ನು ಮುಂದುವರಿಸದೆ ಕಾಯಿತು. ತಪ್ಪು ಮಾಡಿದವಳ ಮಾನವೂ ಮಾನವೇ.

ಬಿಳಿಚಿದ ಮುಖ

ಹತ್ತು ಜನರ ಮುಂದೆ ಒಬ್ಬನನ್ನು ನಾಚಿಸುವುದಕ್ಕೆ ಹೀಬ್ರೂವಿನಲ್ಲಿ ಮುಖವನ್ನು ಬಿಳಿಚಿಸುವುದು ಎಂಬ ಮಾತಿದೆ. ಅವಮಾನಗೊಂಡವನ ಮುಖದಿಂದ ಕೆಂಪು ಇಳಿದು ಬಿಳುಪು ಏರುವುದನ್ನು ಕಂಡ ಪಂಡಿತರು ಇದು ರಕ್ತಪಾತಕ್ಕೆ ಸಮಾನವೆಂದು ತೀರ್ಮಾನಿಸಿದರು. ಹಣದ ವಂಚನೆಗಿಂತ ಮಾತಿನ ಅನ್ಯಾಯ ಘೋರವೆಂದೂ ತಾಲ್ಮುದ್ ಹೇಳುತ್ತದೆ. ಕಸಿದ ಹಣವನ್ನು ಹಿಂದಿರುಗಿಸಬಹುದು, ಆಡಿದ ಮಾತನ್ನು ಹಿಂದಿರುಗಿಸುವ ದಾರಿಯಿಲ್ಲ.

ಮಿಶ್ನಾ ಕೊಡುವ ಉದಾಹರಣೆಗಳು ತೀರ ದಿನನಿತ್ಯದವು. ಕೊಳ್ಳುವ ಮನಸ್ಸಿಲ್ಲದೆ ಅಂಗಡಿಯವನನ್ನು ಬೆಲೆ ಕೇಳಿ ಆಸೆ ಹುಟ್ಟಿಸಬಾರದು. ಪಶ್ಚಾತ್ತಾಪಪಟ್ಟು ಸರಿದಾರಿಗೆ ಬಂದವನಿಗೆ ಅವನ ಹಳೆಯ ನಡತೆಯನ್ನು ನೆನಪಿಸಬಾರದು. ಬೇರೆ ಮತದಿಂದ ಬಂದು ಸೇರಿದವರ ಮಕ್ಕಳಿಗೆ ಅವರ ಪೂರ್ವಜರ ಬಾಳನ್ನು ಎತ್ತಿ ಆಡಬಾರದು. ಈ ಮೂರರಲ್ಲಿಯೂ ಸುಳ್ಳೆಂಬುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಪಶ್ಚಾತ್ತಾಪಪಟ್ಟವನು ಹಿಂದೆ ತಪ್ಪು ಮಾಡಿದ್ದು ನಿಜವೇ. ಆ ನಿಜವನ್ನು ಈಗ ಎತ್ತುವುದರಿಂದ ಅವನು ಕಷ್ಟಪಟ್ಟು ಕಟ್ಟಿಕೊಂಡ ಹೊಸ ಬಾಳು ಕುಸಿಯುತ್ತದೆ ಎಂಬುದೇ ಆಕ್ಷೇಪ.

ಒಂದು ಔತಣದ ಕಥೆ

ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಜೆರುಸಲೇಮಿನ ಎರಡನೇ ದೇವಾಲಯವನ್ನು ನಾಶಮಾಡಿತು. ಇತಿಹಾಸಕಾರರು ಇದಕ್ಕೆ ರಾಜಕೀಯ ಕಾರಣಗಳನ್ನು ಕೊಡುತ್ತಾರೆ. ತಾಲ್ಮುದ್ ಒಂದು ಔತಣದ ಕಥೆಯನ್ನು ಹೇಳುತ್ತದೆ. ಜೆರುಸಲೇಮಿನ ಸಿರಿವಂತನೊಬ್ಬನಿಗೆ ಕಾಮ್ಜಾ ಎಂಬ ಗೆಳೆಯನೂ ಬಾರ್ ಕಾಮ್ಜಾ ಎಂಬ ವೈರಿಯೂ ಇದ್ದರು. ಆಳಿನ ಪ್ರಮಾದದಿಂದ ಔತಣದ ಕರೆ ಗೆಳೆಯನ ಬದಲು ವೈರಿಗೆ ಹೋಯಿತು. ಪಂಕ್ತಿಯಲ್ಲಿ ಕುಳಿತಿದ್ದ ಬಾರ್ ಕಾಮ್ಜಾನನ್ನು ಕಂಡ ಯಜಮಾನ ಎದ್ದು ಹೊರಡುವಂತೆ ಗದರಿಸಿದ. ತನ್ನ ಮಾನ ಉಳಿಸಿಕೊಳ್ಳಲು ಆತ ತನ್ನ ಊಟದ ಬೆಲೆಯನ್ನು ಕೊಡುವೆನೆಂದ. ಒಪ್ಪದಾಗ ಅರ್ಧ ಔತಣದ ವೆಚ್ಚವನ್ನು, ಕೊನೆಗೆ ಪೂರ್ಣ ಔತಣದ ವೆಚ್ಚವನ್ನೇ ಕೊಡಲು ಮುಂದಾದ. ಯಜಮಾನ ಅವನ ಕೈಹಿಡಿದು ಎಳೆದು ಹೊರಹಾಕಿದ.

ಅಲ್ಲಿ ಪಂಡಿತರೂ ಕುಳಿತಿದ್ದರು. ಯಾರೊಬ್ಬರೂ ಬಾಯಿ ತೆರೆಯಲಿಲ್ಲ. ಅವರ ಮೌನವನ್ನು ಸಮ್ಮತಿಯೆಂದು ಬಗೆದ ಬಾರ್ ಕಾಮ್ಜಾ ರೋಮನ್ ಅಧಿಕಾರದ ಬಳಿಗೆ ಹೋಗಿ, ಯೆಹೂದ್ಯರು ದಂಗೆಯೆದ್ದಿದ್ದಾರೆಂದು ಕಿವಿಯೂದಿದ. ವಿನಾಶ ಅಲ್ಲಿಂದ ಆರಂಭವಾಯಿತೆಂಬುದು ಕಥೆ. ಇದರಲ್ಲಿ ತಪ್ಪುಗಳು ಮೂರು: ಯಜಮಾನ ಮಾಡಿದ ಅವಮಾನ, ಅವಮಾನಿತನು ಹೇಳಿದ ಚಾಡಿ, ಪಂಡಿತರು ತಾಳಿದ ಮೌನ. ಮೂರನೆಯದನ್ನೂ ತಪ್ಪಿನ ಲೆಕ್ಕಕ್ಕೆ ಸೇರಿಸಿರುವುದೇ ಈ ಕಥೆಯ ಹಿರಿಮೆ. ಕಥೆ ಹೇಳುತ್ತಿರುವವರೂ ಪಂಡಿತರೇ ಎಂಬುದನ್ನು ನೆನೆದಾಗ ಅದರ ಪ್ರಾಮಾಣಿಕತೆ ಅರಿವಾಗುತ್ತದೆ.

ಮಾನ ಕಾಯುವ ಕಟ್ಟಳೆಗಳು

ಘನತೆಯನ್ನು ಬಾಯಿಮಾತಿನ ಉಪದೇಶವಾಗಿ ಬಿಡದೆ ಪಂಡಿತರು ಅದನ್ನು ಆಚರಣೆಗೂ ಇಳಿಸಿದರು. ಬೆಳೆಯ ಮೊದಲ ಫಲವನ್ನು ಜೆರುಸಲೇಮಿನ ದೇವಾಲಯಕ್ಕೆ ಒಪ್ಪಿಸುವಾಗ ರೈತನು ಒಂದು ನಿಗದಿತ ಪಾಠವನ್ನು ಪಠಿಸಬೇಕಿತ್ತು. ಬಲ್ಲವರು ತಾವೇ ಪಠಿಸುತ್ತಿದ್ದರು, ಅರಿಯದವರಿಗೆ ಹೇಳಿಕೊಡಲಾಗುತ್ತಿತ್ತು. ಇದರಿಂದ ನಾಚಿಕೊಂಡು ಅರಿಯದವರು ಬರುವುದನ್ನೇ ನಿಲ್ಲಿಸಿದಾಗ, ಬಲ್ಲವರಿಗೂ ಅರಿಯದವರಿಗೂ ಸಮಾನವಾಗಿ ಹೇಳಿಕೊಡುವ ಪದ್ಧತಿ ಜಾರಿಗೆ ಬಂದಿತೆಂದು ಮಿಶ್ನಾ ದಾಖಲಿಸಿದೆ. ವರ್ಷಕ್ಕೆ ಎರಡು ದಿನ ಜೆರುಸಲೇಮಿನ ಕನ್ಯೆಯರು ದ್ರಾಕ್ಷಿ ತೋಟಗಳಲ್ಲಿ ಕುಣಿಯುವಾಗ ಎಲ್ಲರೂ ಎರವಲು ತಂದ ಬಿಳಿಯ ಉಡುಪನ್ನೇ ಧರಿಸಬೇಕಿತ್ತು. ಇಲ್ಲದವಳಿಗೆ ನಾಚಿಕೆಯಾಗದಿರಲೆಂದು ಇದ್ದವಳೂ ಎರವಲು ತರಬೇಕು. ಸಾವಿನ ಮನೆಗೆ ಸಿರಿವಂತರು ಬೆಳ್ಳಿ ಬಂಗಾರದ ಬುಟ್ಟಿಗಳಲ್ಲೂ ಬಡವರು ಬೆತ್ತದ ಬುಟ್ಟಿಗಳಲ್ಲೂ ಆಹಾರ ಒಯ್ಯುತ್ತಿದ್ದುದನ್ನು ತಪ್ಪಿಸಿ, ಎಲ್ಲರಿಗೂ ಬೆತ್ತದ ಬುಟ್ಟಿಯನ್ನೇ ಗೊತ್ತುಮಾಡಲಾಯಿತು.

ದಾನದಲ್ಲಿಯೂ ಇದೇ ಎಚ್ಚರ. ಮಾರ್ ಉಕ್ಬಾ ಎಂಬ ಪಂಡಿತ ನೆರೆಯ ಬಡವನೊಬ್ಬನ ಬಾಗಿಲ ಸಂದಿನಲ್ಲಿ ದಿನವೂ ಗುಟ್ಟಾಗಿ ಹಣ ಇಟ್ಟುಬರುತ್ತಿದ್ದ. ಇಡುವವರು ಯಾರೆಂದು ನೋಡಲು ಬಡವನು ಒಂದು ದಿನ ಹೊರಬಂದಾಗ, ಮಾರ್ ಉಕ್ಬಾ ಹೆಂಡತಿಯೊಡನೆ ಓಡಿಹೋಗಿ ಕೆಂಡ ಗೋರಿ ತೆಗೆದಿದ್ದ ಒಲೆಯ ಗೂಡಿನಲ್ಲಿ ಅವಿತುಕೊಂಡನಂತೆ. ಪಡೆಯುವವನು ತಮ್ಮ ಮುಖ ನೋಡಿ ತಲೆತಗ್ಗಿಸುವುದಕ್ಕಿಂತ ಕಾಲು ಸುಟ್ಟುಕೊಳ್ಳುವುದು ಮೇಲೆಂದು ಅವರು ಬಗೆದರು. ಇನ್ನೊಂದು ಕಥೆಯಲ್ಲಿ, ಪಾಠ ಹೇಳುತ್ತಿದ್ದ ರಬ್ಬಿ ಯೆಹೂದಾ ಅವರಿಗೆ ಬೆಳ್ಳುಳ್ಳಿಯ ವಾಸನೆ ಬಡಿಯಿತು. ಬೆಳ್ಳುಳ್ಳಿ ತಿಂದವನು ಹೊರಗೆ ಹೋಗಲಿ ಎಂದರು. ಹಿರಿಯ ಶಿಷ್ಯ ರಬ್ಬಿ ಹಿಯ್ಯಾ ಮೊದಲು ಎದ್ದು ಹೊರನಡೆದರು. ಅವರನ್ನು ಕಂಡು ಉಳಿದವರೆಲ್ಲರೂ ಎದ್ದರು. ತಿಂದವನು ಯಾರೆಂಬುದು ಯಾರಿಗೂ ತಿಳಿಯದೇ ಹೋಯಿತು.

ರಾದಿನ್ ಊರಿನ ಪಂಡಿತ

ಹೀಗೆ ಚದುರಿಹೋಗಿದ್ದ ವಿಧಿನಿಷೇಧಗಳನ್ನು ಒಂದೆಡೆ ಕಾನೂನಿನಂತೆ ಕ್ರೋಡೀಕರಿಸಿದವರು ರಬ್ಬಿ ಯಿಸ್ರಾಯೇಲ್ ಮೇಯಿರ್ ಕಾಗನ್. ಇಂದಿನ ಬೆಲಾರುಸ್ ದೇಶದಲ್ಲಿರುವ ರಾದಿನ್ ಎಂಬ ಸಣ್ಣ ಊರಿನಲ್ಲಿ ಅವರೂ ಅವರ ಪತ್ನಿಯೂ ಒಂದು ಪುಟ್ಟ ಕಿರಾಣಿ ಅಂಗಡಿ ನಡೆಸಿ ಜೀವನ ಸಾಗಿಸಿದ್ದರು. 1873ರಲ್ಲಿ ವಿಲ್ನಾ ನಗರದಲ್ಲಿ ಪ್ರಕಟವಾದ ಅವರ ಕೃತಿಯ ಹೆಸರು 'ಹಾಫೆತ್ಸ್ ಹಾಯಿಮ್'. ಬಾಳನ್ನು ಬಯಸುವವನು ಎಂಬುದು ಇದರ ಅರ್ಥ, ಬಾಳು ಬೇಕೆನ್ನುವವನು ನಾಲಗೆಯನ್ನು ಕಾಯಬೇಕೆಂಬುದು ಇಂಗಿತ. ಮುಂದೆ ಜನ ಅವರನ್ನೂ ಪುಸ್ತಕದ ಹೆಸರಿನಿಂದಲೇ ಕರೆದರು. 1933ರಲ್ಲಿ ಅವರು ತೀರಿಕೊಂಡರು. ಪರನಿಂದೆಯ ಮಾತನ್ನು ಆಡುವವನೂ ಕೇಳುವವನೂ ತೋರಾದ 31 ವಿಧಿನಿಷೇಧಗಳನ್ನು ಮೀರುವ ಅಪಾಯವಿದೆ ಎಂದು ಅವರು ಒಂದೊಂದನ್ನೂ ಎಣಿಸಿ ತೋರಿಸಿದರು.

ಈ ಕೃತಿಯ ಒಂದು ಅಂಶದ ಬಗ್ಗೆ ಪ್ರಸಿದ್ಧವಾದ ಭಿನ್ನಾಭಿಪ್ರಾಯವುಂಟು. ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನೇ ಕ್ಷಮಿಸಬೇಕು, ಅಲ್ಲಿಯವರೆಗೆ ಪ್ರಾಯಶ್ಚಿತ್ತದ ಪರ್ವದಿನವಾದ ಯೋಮ್ ಕಿಪ್ಪುರ್ ಕೂಡ ಅದನ್ನು ತೊಳೆಯದು ಎಂಬುದು ಮಿಶ್ನಾದ ಮಾತು. ಹಾಗಾದರೆ ನಾನು ಬೆನ್ನ ಹಿಂದೆ ಆಡಿಕೊಂಡದ್ದು ಆತನಿಗೆ ಗೊತ್ತೇ ಇಲ್ಲದಿದ್ದರೆ? ಹೋಗಿ ಒಪ್ಪಿಕೊಂಡು ಕ್ಷಮೆ ಬೇಡಬೇಕು ಎಂದರು ರಬ್ಬಿ ಕಾಗನ್. ಅರಿಯದವನಿಗೆ ತಿಳಿಸಿ ಹೊಸ ನೋವು ಕೊಡುವ ಹಕ್ಕು ನಿನಗಿಲ್ಲ ಎಂಬುದು ಅವರ ಹಿರಿಯ ಸಮಕಾಲೀನರಾದ ರಬ್ಬಿ ಯಿಸ್ರಾಯೇಲ್ ಸಲಾಂತರ್ ಅವರ ನಿಲುವಾಗಿತ್ತೆಂದು ಪ್ರತೀತಿ. ಒಬ್ಬರು ತಪ್ಪಿತಸ್ಥನ ಋಣವನ್ನು ನೋಡಿದರು, ಇನ್ನೊಬ್ಬರು ನೊಂದವನ ಎದೆಯನ್ನು ನೋಡಿದರು. ಇಬ್ಬರ ತಕ್ಕಡಿಯಲ್ಲೂ ಇದ್ದದ್ದು ಮನುಷ್ಯನ ಘನತೆಯೇ.

ಬಾಯಿ ತೆರೆಯಲೇಬೇಕಾದಾಗ

ಇನ್ನು ಮೊದಲ ಪ್ರಶ್ನೆಗೆ ಬರೋಣ. ನಿಜವನ್ನೂ ಆಡಬಾರದೆಂದರೆ ಕಳ್ಳನಿಗೂ ಕ್ರೂರಿಗೂ ಅದೇ ರಕ್ಷೆಯಾಗದೇ? ಈ ಅಪಾಯವನ್ನು ಪರಂಪರೆ ಬಲ್ಲದು. ಚಾಡಿಕೋರನಾಗಿ ತಿರುಗಬೇಡ ಎಂದು ವಿಧಿಸುವ ತೋರಾದ ವಚನವೇ ಅದರ ಉತ್ತರಾರ್ಧದಲ್ಲಿ, ನೆರೆಯವನ ಪ್ರಾಣಕ್ಕೆ ಸಂಚಕಾರ ಬಂದಾಗ ಸುಮ್ಮನೆ ನಿಲ್ಲಬೇಡ ಎಂದೂ ವಿಧಿಸುತ್ತದೆ. ಮೌನದ ವಿಧಿಯೂ ಮಾತಿನ ವಿಧಿಯೂ ಒಂದೇ ವಚನದಲ್ಲಿ ಜೊತೆಯಾಗಿವೆ.

ಆದುದರಿಂದಲೇ ರಬ್ಬಿ ಕಾಗನ್ ಅವರು, ಅನ್ಯಾಯಕ್ಕೊಳಗಾದವನಿಗೆ ನೆರವಾಗಲು ಇನ್ನೊಬ್ಬನ ತಪ್ಪನ್ನು ಹೇಳಬಹುದೆಂದು ತಿಳಿಸಿ ಅದಕ್ಕೆ ಏಳು ನಿಬಂಧನೆಗಳನ್ನು ಕೊಟ್ಟರು. ವಿಷಯವನ್ನು ತಾನೇ ಕಂಡಿರಬೇಕು ಅಥವಾ ಖಚಿತಪಡಿಸಿಕೊಂಡಿರಬೇಕು. ಅದು ನಿಜಕ್ಕೂ ತಪ್ಪೇ ಎಂದು ಅವಸರಪಡದೆ ವಿವೇಚಿಸಬೇಕು. ಮೊದಲು ತಪ್ಪು ಮಾಡಿದವನಿಗೇ ಮೃದುವಾಗಿ ತಿಳಿಹೇಳಬೇಕು. ಇದ್ದದ್ದಕ್ಕೆ ಕೂದಲೆಳೆಯಷ್ಟೂ ಸೇರಿಸಬಾರದು. ಉದ್ದೇಶ ಒಳಿತಾಗಿರಬೇಕು, ಹಳೆಯ ಹಗೆ ತೀರಿಸುವುದಾಗಿರಬಾರದು. ಬೇರೆ ದಾರಿಯಿಂದ ಕೆಲಸ ಸಾಧ್ಯವಿದ್ದರೆ ಈ ದಾರಿ ಹಿಡಿಯಬಾರದು. ತಪ್ಪಿಗೆ ನ್ಯಾಯಾಲಯದಲ್ಲಿ ಸಲ್ಲಬಹುದಾದ ದಂಡಕ್ಕಿಂತ ಹೆಚ್ಚಿನ ಕೇಡು ಆ ಮಾತಿನಿಂದ ಆಗಬಾರದು. ಹೆಣ್ಣು ಗಂಡು ನೋಡುವಾಗ, ಪಾಲುದಾರನನ್ನು ಆರಿಸುವಾಗ ಇರುವ ಸತ್ಯವನ್ನು ಮುಚ್ಚಿಟ್ಟು ಒಬ್ಬರನ್ನು ಹಳ್ಳಕ್ಕೆ ತಳ್ಳಬಾರದೆಂದೂ ಅವರು ಬರೆದಿದ್ದಾರೆ.

ವ್ಯಾಪಾರಕ್ಕೆ ಇಂಥ ಮಾಹಿತಿ ಎಷ್ಟು ಅಗತ್ಯವೆಂಬುದಕ್ಕೆ ನಮ್ಮ ಕರಾವಳಿಯೂ ಸಾಕ್ಷಿ. ಟ್ಯುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ 12ನೇ ಶತಮಾನದಲ್ಲಿ ಹಲವು ವರ್ಷ ಮಂಗಳೂರಿನಲ್ಲಿ ನೆಲೆಸಿದ್ದ. ಅವನಿಗೂ ಏಡನ್ ಬಂದರಿನ ವರ್ತಕರಿಗೂ ನಡೆದ ಪತ್ರವ್ಯವಹಾರ ಕೈರೋದ ಪ್ರಾಚೀನ ಪ್ರಾರ್ಥನಾ ಮಂದಿರದ ಉಗ್ರಾಣದಲ್ಲಿ ಉಳಿದುಬಂದಿದೆ. ಕಡಲಾಚೆಯ ಪಾಲುದಾರನ ಕೈಗೆ ಸರಕು ಒಪ್ಪಿಸುತ್ತಿದ್ದ ಅವರಿಗೆ ಹೆಸರೇ ಬಂಡವಾಳ. ಇಂಥವನು ನಂಬಿಗಸ್ತ, ಇಂಥವನು ಅಲ್ಲ ಎಂಬ ಮಾತು ಪತ್ರದಲ್ಲಿ ಸಾಗದೆ ಅಂಥ ವ್ಯಾಪಾರ ನಡೆಯದು. ಒಂದು ಸುಳ್ಳು ಸಾಲು ಒಬ್ಬನ ಅನ್ನವನ್ನೇ ಕಸಿದೀತು, ಒಂದು ಮರೆಮಾಚಿದ ಸತ್ಯ ಇನ್ನೊಬ್ಬನನ್ನು ಮುಳುಗಿಸೀತು.

ಆದರೂ ಈ ನಿಯಮ ದುರುಪಯೋಗವಾಗಿಲ್ಲವೆಂದು ಹೇಳಲಾಗದು. ಸಂಪ್ರದಾಯಸ್ಥ ಯೆಹೂದಿ ಸಮುದಾಯಗಳಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯವನ್ನು ಹೇಳಹೊರಟವರನ್ನು ಲಶೋನ್ ಹರಾದ ಹೆಸರಿನಲ್ಲೇ ಸುಮ್ಮನಾಗಿಸಿದ ಪ್ರಸಂಗಗಳು ಇತ್ತೀಚಿನ ದಶಕಗಳಲ್ಲಿ ಬೆಳಕಿಗೆ ಬಂದವು. ಇದು ಧರ್ಮದ ಪಾಲನೆಯಲ್ಲ, ಧರ್ಮದ ವಿಪರ್ಯಾಸ ಎಂದು ಆ ಸಮುದಾಯದೊಳಗಿನ ರಬ್ಬಿಗಳೇ ಖಂಡಿಸಿದ್ದಾರೆ. ದುರ್ಬಲನ ಘನತೆಯನ್ನು ಕಾಯಲೆಂದು ಹುಟ್ಟಿದ ನಿಯಮ ಬಲಿಷ್ಠನ ಗೌರವಕ್ಕೆ ಗುರಾಣಿಯಾದರೆ ಅದು ತಲೆಕೆಳಗಾದಂತೆಯೇ ಸರಿ. ಔತಣದಲ್ಲಿ ಮೌನವಾಗಿ ಕುಳಿತ ಪಂಡಿತರ ತಪ್ಪು ಇದೇ ಆಗಿತ್ತಲ್ಲವೇ?

ಇಂದಿನ ಕಾನೂನಿನಲ್ಲಿ

1965ರಲ್ಲಿ ಇಸ್ರೇಲ್ ಮಾನಹಾನಿ ಕಾಯ್ದೆಯನ್ನು ಜಾರಿಗೊಳಿಸಿದಾಗ ಅದರ ಹೀಬ್ರೂ ಹೆಸರಿನಲ್ಲಿ ಲಶೋನ್ ಹರಾ ಎಂಬ ಪ್ರಾಚೀನ ಪದವನ್ನೇ ಬಳಸಿತು. ಆಡಿದ್ದು ನಿಜವೆಂದಷ್ಟೇ ತೋರಿಸಿದರೆ ಆ ಕಾಯ್ದೆಯಡಿ ಸಾಲದು, ಪ್ರಕಟಣೆಯಲ್ಲಿ ಸಾರ್ವಜನಿಕ ಹಿತವಿತ್ತೆಂದೂ ತೋರಿಸಬೇಕು. ನಮ್ಮ ದೇಶದ ಕ್ರಿಮಿನಲ್ ಕಾನೂನಿನಲ್ಲೂ ಇಂಥದೇ ವಿವೇಚನೆಯಿದೆ. 1860ರ ಭಾರತೀಯ ದಂಡ ಸಂಹಿತೆಯ 499ನೇ ಕಲಮು ಸತ್ಯವನ್ನು ಸಾರ್ವಜನಿಕ ಒಳಿತಿಗಾಗಿ ಹೇಳಿದಾಗ ಮಾತ್ರ ವಿನಾಯಿತಿ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲೂ ಅದೇ ವಿನಾಯಿತಿ ಮುಂದುವರಿದಿದೆ. ಬೇರೆ ಬೇರೆ ದಾರಿಗಳಿಂದ ಬಂದ ಎರಡು ಕಾನೂನುಗಳೂ ನಿಜವೇ ಎಂಬ ಪ್ರಶ್ನೆಯ ಜೊತೆಗೆ ಯಾರ ಒಳಿತಿಗೆ ಎಂಬ ಪ್ರಶ್ನೆಯನ್ನೂ ಕೇಳುತ್ತವೆ.

ಆದರೆ ಕಾನೂನು ತಲುಪುವುದು ನ್ಯಾಯಾಲಯದವರೆಗೆ ಬಂದ ಮಾತನ್ನು ಮಾತ್ರ. ಮೊಬೈಲಿನಲ್ಲಿ ಬಂದ ಚಿತ್ರವನ್ನೋ ಸುದ್ದಿಯನ್ನೋ ಓದಿ ಮುಗಿಸುವ ಮೊದಲೇ ಇನ್ನೊಂದು ಗುಂಪಿಗೆ ದಾಟಿಸುವ ಬೆರಳಿಗೆ ಕಾನೂನಿನ ಭಯ ಸಾಲದು. ಖಡ್ಗವನ್ನು ಎತ್ತಿದವನು ಮನಸ್ಸು ಬದಲಿಸಿದರೆ ಅದನ್ನು ಒರೆಗೆ ಸೇರಿಸಬಹುದು, ಬಿಟ್ಟ ಬಾಣವನ್ನು ಮರಳಿ ಕರೆಯಲಾಗದು ಎಂದು ನಾಲಗೆಯನ್ನು ಬಾಣಕ್ಕೆ ಹೋಲಿಸಿದ ಹಳೆಯ ಪಂಡಿತರು ಮೊಬೈಲನ್ನು ಕಂಡಿರಲಿಲ್ಲ. ಕಂಡಿದ್ದರೆ ಹೋಲಿಕೆಯನ್ನು ಬದಲಿಸುವ ಅಗತ್ಯ ಅವರಿಗೆ ಬೀಳುತ್ತಿರಲಿಲ್ಲ.

ಶ್ರದ್ಧಾವಂತ ಯೆಹೂದ್ಯರು ದಿನಕ್ಕೆ ಮೂರು ಬಾರಿ ಮಾಡುವ ಮುಖ್ಯ ಪ್ರಾರ್ಥನೆಯ ಕೊನೆಯಲ್ಲಿ, ನಾಲಗೆ ಕೆಡುಕನ್ನು ಆಡದಂತೆ ಕಾಪಾಡೆಂಬ ಬೇಡಿಕೆಯಿದೆ. ಆಗತಾನೆ ದೇವರನ್ನು ಸ್ತುತಿಸಿ ಮುಗಿಸಿದ ನಾಲಗೆಯ ಬಗ್ಗೆಯೇ ಈ ಎಚ್ಚರ. ಪ್ರಾರ್ಥನೆ ಮುಗಿಸಿ ಹೊರಬಂದವನಿಗೆ ಮೊದಲು ಎದುರಾಗುವವನು ನೆರೆಯವನು. ಅವನ ಕುರಿತು ಬಾಯಿ ತೆರೆಯುವ ಮುನ್ನ ನಿಜವೇ ಎಂದು ಕೇಳಿಕೊಳ್ಳುವುದು ಮೊದಲ ಮೆಟ್ಟಿಲು. ಈ ಮಾತಿನಿಂದ ಯಾರು ಉಳಿಯುತ್ತಾರೆ, ಯಾರು ಬಿಳಿಚಿಕೊಳ್ಳುತ್ತಾರೆ ಎಂದು ಕೇಳಿಕೊಳ್ಳುವುದು ಎರಡನೆಯದು. ಯಾರಾದರೂ ಉಳಿಯುವಂತಿದ್ದರೆ ಆಡಲೇಬೇಕು. ಬಿಳಿಚಿಕೊಳ್ಳುವುದಷ್ಟೇ ಫಲವಾದರೆ ಇದ್ದದ್ದನ್ನು ಇದ್ದ ಹಾಗೆಯೇ ಬಿಡುವುದು ಲೇಸು.